ಏಕತಾರಿ ಕೇಳಿಸಬೇಕು

ದಂಡೋತಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಕಾಂತಮ್ಮನ ಗಂಟಲೊಳಗೆ ಒಂದು ಗಂಟು ಕೂತಿತ್ತು. ಜೋಳದ ಕಾಳಿನಷ್ಟು ಗಂಟು. ಆದರೆ ಕೂತ ಜಾಗ ನೋಡಿ, ದನಿ ಹುಟ್ಟುವ ಜಾಗ! ಬರುವ ಸೋಮವಾರ ಕಲಬುರಗಿಯಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು.

"ಮಾತಿಗೇನೂ ಆಗಂಗಿಲ್ಲಮ್ಮಾ. ಹಾಡಿಂದು ಮಾತ್ರ ಈಗ ಹೇಳ್ಲಿಕ್ಕಾಗಂಗಿಲ್ಲ," ಅಂದಿದ್ದರು ಡಾಕ್ಟರು.

ಹಾಡು ತನ್ನದೊಂದೇ ಆಗಿದ್ದರೆ ಆಕೆ ಇಷ್ಟು ಅಂಜುತ್ತಿರಲಿಲ್ಲ. ಅಪ್ಪ ಭೀಮಶ್ಯಾ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಬಿಡಿಸುತ್ತಿದ್ದವನು. ಹಗಲೆಲ್ಲ ಉಳಿಯಿಟ್ಟು, ಕಲ್ಲು ಪದರಾಗಿ ಬಿಡುವ ಎಳೆ ಹುಡುಕುವುದು, ಸಂಜೆ ಏಕತಾರಿ ಹಿಡಿದು ತಾನೇ ಕಟ್ಟಿದ ಪದ ಹಾಡುವುದು. ಅಕ್ಷರ ಬಾರದವನು, ಒಂದನ್ನೂ ಬರೆಸಲಿಲ್ಲ. ಅವನು ಹೋದಮೇಲೆ ಉಳಿದದ್ದು ಆ ಏಕತಾರಿ, ಮಗಳ ಬಾಯಲ್ಲಿ ಒಂದೇ ಒಂದು ಪದ. ಪದದ ಮಾತನ್ನು ಬರೆದಿಡಬಹುದು. ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ನುಂಗಬೇಕು ಅನ್ನುವುದನ್ನು ಯಾವ ನೋಟುಬುಕ್ಕಿನಲ್ಲಿ ಬರೆಯುವುದು?

ಶಿವಕಾಂತಮ್ಮನ ಮಗಳು ಮೈತ್ರಿ ಮೊದಲು ತನ್ನ ಫೋನಿನಲ್ಲೇ ರೆಕಾರ್ಡ್ ಮಾಡಿದಳು. ಫ್ಯಾನಿನ ಸದ್ದು ತೆಗೆಯಲೆಂದು ಪುಕ್ಕಟೆ ಆಪ್ ಒಂದಕ್ಕೆ ಹಾಕಿದಳು. ಫ್ಯಾನು ಹೋಯಿತು, ಅದರ ಬೆನ್ನಿಗೇ ಏಕತಾರಿಯೂ ಹೋಯಿತು. ಬಿಡದೆ ಗುಂಯ್‌ಗುಡುವುದೆಲ್ಲ ಆ ಆಪಿನ ಲೆಕ್ಕದಲ್ಲಿ ಗದ್ದಲವೇ.

"ಇದೇನವಾ, ನಮ್ಮಪ್ಪನ್ನೇ ಹೊರಗ ಹಾಕ್ಯದಲ್ಲ ಇದು!" ಅಂದಳು ಶಿವಕಾಂತಮ್ಮ.

ಹೀಗೆ ಶಹಾಬಾದಿನಲ್ಲಿ ಮನೆಯಲ್ಲೇ ಸ್ಟುಡಿಯೋ ಇಟ್ಟಿದ್ದ ಖಾಜಾಮಿಯಾನ ಹೆಸರು ಬಂತು. ರೆಕಾರ್ಡಿಂಗ್, ಮಿಕ್ಸಿಂಗ್ ಸೇರಿ ಒಂದು ಹಾಡಿಗೆ ಎರಡು ಸಾವಿರ. ಗಂಡ ದೇವಿಂದ್ರ ಹೌಹಾರಿದ.

"ಒಂದು ಪದಕ್ಕ ಎರಡು ಸಾವಿರಾ? ನಿಮ್ಮಪ್ಪ ಅದನ್ನ ಕಟ್ಟಿದಾಗ ಯಾರೂ ಒಂದ್ ಕಪ್ ಚಾ ಕುಡಿಸಿದ್ದಿಲ್ಲ."

"ನೀವೇ ಕುಡಿಸ್ಬೇಕಿತ್ತಲ್ಲ, ಅಳಿಯ ಅಂತ ಇದ್ದವ್ರು ನೀವೇ."

ಶುಕ್ರವಾರ ಬೆಳಿಗ್ಗೆ ದೇವಿಂದ್ರ ಏಕತಾರಿಯನ್ನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಹೆಂಡತಿಯೊಂದಿಗೆ ಬಸ್ಸು ಹತ್ತಿದ.

ಶಹಾಬಾದಿನಲ್ಲಿ ನೆಲವೂ ಫರ್ಸಿ, ಗೋಡೆಯೂ ಫರ್ಸಿ. ಒಮ್ಮೆ ಕೆಮ್ಮಿದರೆ ಮೂರು ಸಲ ಕೇಳಿಸುವ ಮನೆಗಳು. ಅದಕ್ಕೇ ಖಾಜಾಮಿಯಾ ಕೋಣೆಯ ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದ್ದ.

"ಬರ್ರಿ ಅಕ್ಕಾ, ಕುಂದ್ರಿ. ನಮ್ಮ ಅಮ್ಮೀ ಹೊಲ್ದಿದ್ದು ಇವೆಲ್ಲ. ಗೋಡಿಗೆ ಬಡಿಯೋ ದನೀನ ಕುಡೀತಾವ."

"ಚಳಿಗಾಲದಾಗ ಏನ್ ಹೊದಿತಾರ್ರೀ ಅವ್ರು?" ಕೇಳಿದ ದೇವಿಂದ್ರ.

"ನನ್ನ ಬೈಕೋಂತ ಕುಂದರ್ತಾಳ್ರಿ. ಅದ್ರಾಗೇ ಬೆಚ್ಚಗಾಗ್ತದ."

ಶಿವಕಾಂತಮ್ಮನಿಗೆ ನಗು ಬರಲಿಲ್ಲ. ಒಂದು ಹೊತ್ತಿಗೆ ಎರಡು ಸಲ ಹಾಡಿದರೆ ತನ್ನ ದನಿ ಕೂತುಬಿಡುತ್ತದೆಂದು ಆಕೆಗೆ ಗೊತ್ತಿತ್ತು. ಕೈಯಲ್ಲಿದ್ದದ್ದು ಎರಡೇ ಸಲ.

"ಮಾಲಗಾಡಿ ಮಾತ್ರ ಕೌದಿ ಮಾತು ಕೇಳಂಗಿಲ್ಲ ಅಕ್ಕಾ," ಎಂದ ಖಾಜಾಮಿಯಾ, ಮನೆಯ ಹಿಂದಿನ ರೈಲು ಹಳಿಯತ್ತ ಕೈ ತೋರಿಸುತ್ತ. "ವಾಡಿ ಕಡಿಂದ ಬಂತಂದ್ರ ನೆಲಾನೇ ನಡುಗ್ತದ. ಬಂದ್ರೂ ನಿಲ್ಲಸ್ಬ್ಯಾಡ್ರಿ, ಹಾಡ್ರಿ."

ಮೊದಲ ಸಲ ಪಲ್ಲವಿ ಮುಗಿಯುವಷ್ಟರಲ್ಲೇ ಗಾಡಿ ಬಂತು. ಪಾದದ ಕೆಳಗೆ ಫರ್ಸಿ ಗದಗದ ಅಂದಿತು. ಆದರೂ ಆಕೆ ಏಕತಾರಿ ಮೀಟುತ್ತ ಹಾಡುತ್ತಲೇ ಇದ್ದಳು. ಕೊನೆಯ ಸಾಲಿಗೆ ಬಂದಾಗ ಗಾಡಿ ದೂರ ದಾಟಿತ್ತು.

ಎರಡನೆಯ ಸಲ ಊರೆಲ್ಲ ಸುಮ್ಮನಿತ್ತು. ಪದ ಅಪ್ಪ ಹಾಡಿದಂತೆಯೇ ಎದ್ದು ಬಂತು. "ಕಲ್ಲಿನೊಳಗ ಎಳಿ ಅದ ತಮ್ಮಾ" ಅನ್ನುವ ತನಕ ಬಂತು. ಉಳಿದದ್ದು "ಕೈ ತಿಳಿದರ ತೆರಿತದ" ಅನ್ನುವ ಕೊನೆಯ ಸಾಲು. ಬಾಯಿ ತೆರೆದಳು, ಬರೀ ಗಾಳಿ. ನೀರು ಕುಡಿದಳು, ಬೆಲ್ಲ ಚೀಪಿದಳು. ಮತ್ತೂ ಗಾಳಿಯೇ. ಸೋಮವಾರಕ್ಕೆ ಮೂರೇ ದಿನ. ದೇವಿಂದ್ರ ಕೂಡ ಚೇಷ್ಟೆ ಮರೆತು ಗೋಡೆಯ ಕೌದಿ ನೋಡುತ್ತ ನಿಂತ.

"ಅಳಬ್ಯಾಡ್ರಿ ಅಕ್ಕಾ, ಗಂಟಲಿಗಿ ಛಲೋ ಅಲ್ಲ," ಎಂದ ಖಾಜಾಮಿಯಾ. "ಮೊದಲ್ನೇ ಸಲದ್ದು ಕೊನೀ ಸಾಲು ನನ್ನ ಹತ್ರ ಅದ. ನಾ ಏನೂ ಅಳಿಸಿ ಒಗದಿಲ್ಲ."

ಮಧ್ಯಾಹ್ನದ ತನಕ ಅವನು ಕಂಪ್ಯೂಟರಿನ ಮುಂದಿಂದ ಏಳಲಿಲ್ಲ. ಆ ಸಾಲನ್ನು ತಂದು ಈ ಹಾಡಿನ ತುದಿಗೆ ಹಚ್ಚಿದ. ದನಿ ತುಸು ಏರಿಸಿದ, ಏಕತಾರಿ ತುಸು ಇಳಿಸಿದ, ಮತ್ತೆ ಏರಿಸಿದ. ದೊಡ್ಡ ಸ್ಪೀಕರಿನಲ್ಲಿ ಕೇಳಿದ. ಆಮೇಲೆ ಗಾಜು ಒಡೆದ ಹಳೆಯ ಫೋನೊಂದನ್ನು ತೆಗೆದು ಅದರಲ್ಲಿ ಹಚ್ಚಿದ.

"ನಿಮ್ಮೂರಾಗ ಮಂದಿ ಕೇಳೋದು ಇಂಥಾದ್ರಾಗೇ ಅಲ್ಲೇನ್ರಿ? ಇದ್ರಾಗ ಏಕತಾರಿ ಕೇಳಸ್ಲಿಲ್ಲಂದ್ರ ನಾ ತಗೊಂಡ ರೊಕ್ಕ ಹರಾಮ್."

ಶಿವಕಾಂತಮ್ಮ ಕಣ್ಣು ಮುಚ್ಚಿ ಬೆಸುಗೆ ಹುಡುಕಿದಳು. ಅಪ್ಪ ಬೆರಳ ತುದಿಯಲ್ಲಿ ಕಲ್ಲಿನ ಎಳೆ ಹುಡುಕುತ್ತಿದ್ದ ಹಾಗೆ. ಸಿಗಲಿಲ್ಲ. ತೀರ ತುದಿಯಲ್ಲಿ ಮಾತ್ರ, ಎಲ್ಲೋ ದೂರ, ಗಾಡಿಯ ಕೂಗು.

"ತೆಗೀಲೇನಕ್ಕಾ? ತೆಗೆದ್ರ ಏಕತಾರಿ ತೆಳ್ಳಗಾಗ್ತದ."

ದನಿಯಿಲ್ಲದ ಆಕೆ ಕೈಯಾಡಿಸಿದಳು. ಬೇಡ.

ಸೋಮವಾರ ನರ್ಸು ಬಳೆ ಬಿಚ್ಚಿಸಿ ಆಕೆಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದಳು. ಹೊರಗೆ ಬೆಂಚಿನ ಮೇಲೆ ದೇವಿಂದ್ರ, ಗುರುತಿಲ್ಲದ ಯಾರಿಗೋ ಫೋನು ಹಿಡಿದು ಹೇಳುತ್ತಿದ್ದ, "ಎರಡು ಸಾವಿರದ ಪದ ರೀ ಇದು. ಪುಕ್ಕಟೆ ಕೇಳ್ರಿ."

"ಏ, ಸಣ್ಣ ಮಾಡ್ರೀ ಅದನ್ನ!" ನರ್ಸು ಗದರಿದಳು. ಅವನು ಸಣ್ಣ ಮಾಡಿದ.

ಗಾಲಿಗಳು ಉರುಳಿದವು. ಪದದ ಮಾತುಗಳು ಒಂದೊಂದೇ ಹಿಂದೆ ಉಳಿದವು. ಶಿವಕಾಂತಮ್ಮ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಬಾಗಿಲು ಮುಚ್ಚುವ ತನಕ ಏಕತಾರಿ ಗುಂಯ್ ಅನ್ನುತ್ತಲೇ ಇತ್ತು.