ಕಾಕೂ ಕಾಣೆಯಾದ ಹನ್ನೊಂದು ದಿನ

ಕಳೆದ ವಾರ ಬೋರಿನ ಮೋಟಾರು ಸುಟ್ಟಿತು. ಒಳಗಿನ ತಂತಿಯನ್ನು ಹೊಸದಾಗಿ ಸುತ್ತಿಸಿಕೊಂಡು ತಂದು ಪಡಸಾಲೆಯಲ್ಲಿಟ್ಟರು. ಸಂಜೆಯ ಹೊತ್ತಿಗೆ ಮನೆಯೆಲ್ಲ ವಾರ್ನಿಶ್ ವಾಸನೆ. ಹೆಂಡತಿ ಕಿಟಕಿ ತೆರೆದಳು. ನಾನು ಮಾತ್ರ ಆ ಮೋಟಾರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಇಪ್ಪತ್ತು ವರ್ಷಗಳಿಗಿಂತ ಹಿಂದೆ, ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಗೋಡೆಗೂ ಇದೇ ವಾಸನೆ ಹತ್ತಿಕೊಂಡಿತ್ತು...

ಪಕ್ಕದ ಮನೆಯಲ್ಲಿ ಮೋಟಾರು ಸುತ್ತುವ ಕಾಕಾ ಇದ್ದರು. ಜೈನರು, ಮಕ್ಕಳಿರಲಿಲ್ಲ. ಕೊಣ್ಣೂರಿನಿಂದ ಹಿಡಿದು ಸುತ್ತಲಿನ ಕಬ್ಬಿನವರೆಲ್ಲ ಸುಟ್ಟ ಪಂಪುಗಳನ್ನು ಅವರಲ್ಲಿಗೇ ತರುತ್ತಿದ್ದರು. ತಂತಿಯ ಸುತ್ತು ಎಣಿಸುವಾಗ ಕಾಕಾ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ನಾನಾಗ ಗೋಕಾಕದ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ, ಮದುವೆಯಾಗಿರಲಿಲ್ಲ. ಕಾಕೂ, ಅಂದರೆ ಅವರ ಹೆಂಡತಿ, ವಾರಕ್ಕೆ ಮೂರು ಸಲವಾದರೂ ಗೋಡೆಯ ಮೇಲಿನಿಂದ ತಾಟು ದಾಟಿಸುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಅವರದು ಊಟ. ಆದ್ದರಿಂದ ನನ್ನದೂ.

ಒಂದು ಸೋಮವಾರ ಬೆಳಿಗ್ಗೆ ಅವರಲ್ಲಿ ಜಗಳವಾಯಿತು. ಯಾವುದೋ ಮೋಟಾರಿನ ಸುತ್ತಿನ ಲೆಕ್ಕ ಬರೆದಿಟ್ಟ ಚೀಟಿಯನ್ನು ಕಾಕೂ ಒಲೆ ಹೊತ್ತಿಸಲು ಬಳಸಿಬಿಟ್ಟಿದ್ದರು. ಕಾಕಾ ಕೂಗಾಡಿದರು. ಕಾಕೂ ಹಸಿರು ಸೀರೆ ಉಟ್ಟು, ಕೈಚೀಲ ಹಿಡಿದು, "ಮೂಡಲಗಿಗೆ ತಂಗಿ ಮನಿಗೆ ಹೊಂಟೇನಿ" ಎಂದು ಹೋದರು. ಮರುದಿನ ಕಾಕಾ ಫೋನು ಮಾಡಿಸಿದರೆ ಅಲ್ಲಿಗೆ ಬಂದೇ ಇಲ್ಲವೆಂದಳು ತಂಗಿ.

ಕಾಕಾ ಪೊಲೀಸರಿಗೆ ತಿಳಿಸಿದರು. ಬುಧವಾರ ಬಸ್ ಸ್ಟ್ಯಾಂಡಿನ ಹೂವಿನಾಕೆ, ಘಟಪ್ರಭಾ ರೈಲ್ವೆ ಸ್ಟೇಷನ್ನಿನಲ್ಲಿ ಸೋಮವಾರ ಕಾಕೂನನ್ನು ಕಂಡೆ, ಟಿಕೇಟಿನ ಸಾಲಿನಲ್ಲಿ ಒಬ್ಬರೇ ನಿಂತಿದ್ದರು ಎಂದು ಹೇಳಿದಳು. ಕಾಕಾನಿಗೆ ತಕ್ಷಣ ಅರ್ಥವಾಯಿತು. ಕಾಕೂನ ತವರೂರು ಮಿರಜದ ಆಚೆ. ಅಲ್ಲಿ ತವರಿನವರು ಯಾರೂ ಉಳಿದಿರಲಿಲ್ಲ. ಆದರೂ ಮನಸ್ಸು ನೊಂದಾಗ ಆಕೆ ಅಲ್ಲಿಯ ಬಸದಿಗೆ ಹೋಗಿ ಕೂತು, ಮರುದಿನ ಮರಳುವುದಿತ್ತು. ಈ ಸಲ ಮರಳಿರಲಿಲ್ಲ. ಅಂದರೆ ದಾರಿಯಲ್ಲೇ ಏನೋ ಆಗಿದೆ. ಇಷ್ಟು ಸರಳ.

ಅದೇ ಬುಧವಾರ ಒಬ್ಬ ವರದಿಗಾರ ಬಂದ. ಕೊಲೆ, ಹಾದರ, ಓಡಿಹೋದವರ ಕಥೆಗಳನ್ನೇ ಅಚ್ಚು ಹಾಕುವ ವಾರಪತ್ರಿಕೆಯವನು. ಪತ್ರಿಕೆಯ ಹೆಸರು ಬರೆಯುವುದಿಲ್ಲ. ಹೆಸರು ಉಳಿಯುವ ಯೋಗ್ಯತೆ ಅದಕ್ಕಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲ ಕಡೆಯ ಚಹಾದಂಗಡಿ, ಕ್ಷೌರದಂಗಡಿಗಳಲ್ಲಿ ಶುಕ್ರವಾರ ಬೆಳಿಗ್ಗೆ ಅದಕ್ಕೆ ಜನ ಕಾಯುತ್ತಿದ್ದರು. ಗಂಭೀರ ಮುಖ ಮಾಡಿ, "ಜನರಿಗೆ ತಿಳೀಬೇಕ್ರಿ" ಎನ್ನುತ್ತ ಓದುತ್ತಿದ್ದರು. ಹೆಂಗಸೊಬ್ಬಳ ಹೆಣ ಅವರಿಗೆ ಚಹಾದ ಜೊತೆಗಿನ ಖಾರಿ ಬಿಸ್ಕೀಟು.

ನಾವೇ ವಿಚಾರಿಸುತ್ತೇವೆ, ನೀವು ಮನೆಯಲ್ಲೇ ಇರಿ ಎಂದು ಪೊಲೀಸರು ಕಾಕಾನನ್ನು ಮಿರಜಕ್ಕೆ ಹೋಗಗೊಟ್ಟಿರಲಿಲ್ಲ. ಪಾಪ, ಪೇಪರಿನವರು ಬಂದರೆ ಬೇಗ ಸಿಗುತ್ತಾಳೆಂದು ನಂಬಿದರು. ಚಹಾ ತರಿಸಿದರು. ಚಲೋ ಫೋಟೋ ಕೊಟ್ಟರು. ಎತ್ತರ, ಸೀರೆಯ ಬಣ್ಣ, ಎಡ ಮುಂಗೈಯ ಸುಟ್ಟ ಗಾಯದ ಕಲೆ, ಸ್ಟೇಷನ್ನಿನ ವಿಷಯ, ಎಲ್ಲವನ್ನೂ ನಿಧಾನವಾಗಿ ಹೇಳಿ ಬರೆಸಿದರು. "ಬರಕೊಳ್ರಿ, ಇದು ಬರಕೊಳ್ರಿ" ಎಂದು ಮತ್ತೆ ಮತ್ತೆ ಹೇಳಿದರು.

ಆಮೇಲೆ ಆ ಮನುಷ್ಯ ನನ್ನ ಬಾಗಿಲಿಗೆ ಬಂದ. "ಗಂಡ ಹೆಂಡ್ತಿ ಹೆಂಗಿದ್ರು ಸರ್?" ಎಂದ. ಯಾರಾದರೂ ನನ್ನ ಅಭಿಪ್ರಾಯ ಕೇಳಿದ್ದು ಆ ವರ್ಷದಲ್ಲಿ ಅದೇ ಮೊದಲಿರಬೇಕು. "ಚಲೋ ಇದ್ರು... ಅವತ್ತ ಮುಂಜಾನೆ ಮಾತ್ರ ಸ್ವಲ್ಪ ಜೋರ ಮಾತಾತು" ಎಂದೆ.

ಶುಕ್ರವಾರ ಪತ್ರಿಕೆ ಬಂತು. 'ಕಬ್ಬಿನ ಹೊಲದಲ್ಲಿ ಹೆಂಡತಿಯ ಹೆಣ?' ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿದರೆ ಏನನ್ನೂ ಬರೆಯಬಹುದು ಎಂಬುದು ಆ ಹೇಡಿಗಳ ವಿದ್ಯೆ. ಸೀರೆಯ ಬಣ್ಣವಿಲ್ಲ, ಗಾಯದ ಕಲೆಯಿಲ್ಲ. ಫೋಟೋದಲ್ಲಿ ಕಣ್ಣಿನ ಮೇಲೆ ಕರಿ ಪಟ್ಟಿ. ಕಾಣೆಯಾದವಳನ್ನು ಯಾರೂ ಗುರುತಿಸಬಾರದೆಂದೇ ಛಾಪಿಸಿದ ಫೋಟೋ! ಹೂವಿನಾಕೆಯ ಮಾತು 'ಪರಪುರುಷನೊಂದಿಗೆ ಕಂಡಿದ್ದಳು' ಎಂದಾಗಿತ್ತು. ಕೆಳಗೆ, 'ಅಂದು ಬೆಳಿಗ್ಗೆ ಭೀಕರ ಜಗಳ ನಡೆದಿತ್ತು ಎನ್ನುತ್ತಾರೆ ನೆರೆಮನೆಯ ಶಿಕ್ಷಕರು.' ಭೀಕರ ಎಂಬುದು ನನ್ನ ಮಾತಲ್ಲ. ಉಳಿದದ್ದು ನನ್ನದೇ.

ಹೂವಿನಾಕೆ ಹೆದರಿ, "ನಾ ಯಾರ್ನೂ ನೋಡಿಲ್ರಿ" ಎಂದು ಪೊಲೀಸರೆದುರು ಮಾತು ತಿರುಗಿಸಿದಳು. ಮೂಡಲಗಿಯ ತಂಗಿ ಬಂದು ಅಂಗಳದಲ್ಲಿ ನಿಂತು, "ನಮ್ಮಕ್ಕನ್ನ ಎಲ್ಲಿ ಹೂಳಿದ್ಯೋ?" ಎಂದು ಮಣ್ಣು ತೂರಿದಳು. ಕಾಕಾನಿಗೆ ಒಂದೆಕರೆ ಕಬ್ಬಿತ್ತು. ಶನಿವಾರ ಜನ ಸಲಿಕೆ ಹಿಡಿದು ಅಲ್ಲಿಗೆ ನುಗ್ಗಿದರು. ಪೊಲೀಸರೂ ಅಗೆಸಿದರು. ಊರು ಬಿಟ್ಟು ಹೋಗಕೂಡದು ಎಂದು ಕಾಕಾನಿಗೆ ತಾಕೀತಾಯಿತು. ಹೊಲದ ಬದುವಿನಲ್ಲಿ ಶೇಂಗಾ ಮಾರುವವನೂ ಬಂದು ಕೂತಿದ್ದ. ಜನ ತಿನ್ನುತ್ತ ನೋಡಿದರು. ನಾನೂ ಹೋಗಿದ್ದೆ.

ಅಂದು ಸಂಜೆ ಕಾಕಾ ಗೋಡೆಯ ಬಳಿ ಬಂದರು. ನನ್ನ ಹೇಳಿಕೆಯನ್ನು ಅವರು ಓದಿರಲೇಬೇಕು. ಆ ಮಾತು ಎತ್ತಲಿಲ್ಲ.

"ಮಾಸ್ತರ, ನನ್ನ ಬಿಡವಲ್ರು. ನೀವರ ಒಂದ್ಸಲ ಮಿರಜಕ್ಕ ಹೋಗಿ ದವಾಖಾನಿ ನೋಡ್ಕೊಂಡ ಬರ್ರಿ. ಆಕಿ ಖರೇನ ರೇಲ್ವೆ ಹತ್ಯಾಳ."

"ಆತ್ರಿ ಕಾಕಾ, ನಾಳಿಗೆ ಹೋಗ್ತೇನಿ" ಎಂದೆ.

ಮರುದಿನ ಭಾನುವಾರ, ರಜೆ. ಹೋಗಲಿಲ್ಲ. ಸೋಮವಾರ, ಮಂಗಳವಾರ, ಬುಧವಾರವೂ ಇಲ್ಲ. ಕೆಲಸವಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಕೊಳಕು ಕಾಗದವನ್ನು ನಾನು ಎರಡು ಸಲ ಓದಿದ್ದೆ. ಅವರ ಮನೆಯಲ್ಲಿ ಮೂರು ವರ್ಷ ಉಂಡವನು, ಕಾಕಾನ ಕೈಗಳನ್ನು ನೋಡಿ, ಈ ಕೈ ಮಾಡಿರಬಹುದೇ ಎಂದು ಯೋಚಿಸುತ್ತಿದ್ದೆ. ಮುಂದಿನ ಶುಕ್ರವಾರಕ್ಕೆ ಕಾಯುತ್ತಿದ್ದೆ.

ಗುರುವಾರ ಹೋದೆ. ಹನ್ನೊಂದನೆಯ ದಿನ. ಕರುಣೆಯಿಂದಲ್ಲ, ಕುತೂಹಲದಿಂದ. ಮಿರಜದಲ್ಲಿ ಇಳಿದು ಸ್ಟೇಷನ್ನಿನವರನ್ನು ಕೇಳಿದೆ. ಅವರು ಒಂದು ದವಾಖಾನೆಯ ಹೆಸರು ಹೇಳಿದರು. ಅಲ್ಲಿ ಹಸಿರು ಸೀರೆ, ಎಡಗೈಯಲ್ಲಿ ಕಲೆ ಎಂದೆ. ಚಿಕ್ಕೋಡಿ ಕಡೆಯ ನರ್ಸಮ್ಮ ಒಬ್ಬರು ಎದ್ದು ನಿಂತರು.

"ಗಾಡಿ ಇಳಿಯೂ ಮುಂದ ಕಾಲ ಜಾರಿ ಬಿದ್ದಾರ್ರಿ. ತಲಿಗೆ ಪೆಟ್ಟಾಗಿತ್ತು, ಎಚ್ಚರ ಇರಲಿಲ್ಲ. ಚೀಲ ಯಾರೋ ಒಯ್ದಿದ್ರು, ಗುರ್ತ ಸಿಗಲಿಲ್ಲ. ಒಂಬತ್ತ ದಿವಸ ಇದ್ರು. ಯಾರರ ಬರ್ತಾರಂತ ನಾವೂ ದಾರಿ ನೋಡಿದ್ವಿ. ಮೊನ್ನೆ ಹೋದ್ರು."

ರೈಲಿನಿಂದ ಇಳಿದು ಇದನ್ನು ಕೇಳುವವರೆಗೆ ಅರ್ಧ ಗಂಟೆಯೂ ಆಗಿರಲಿಲ್ಲ.

ಭಾನುವಾರವೇ ಹೋಗಿದ್ದರೆ ಬದುಕುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ಕಾಕಾ ಬಂದು ಎರಡು ದಿನ ಕೈ ಹಿಡಿದು ಕೂರಬಹುದಿತ್ತು. ಅಷ್ಟಂತೂ ಗೊತ್ತು.

ಮರುದಿನ ಶವ ಊರಿಗೆ ಬಂತು. ಅದೇ ಬೆಳಿಗ್ಗೆ ಹೊಸ ಸಂಚಿಕೆಯೂ ಬಂತು. 'ಕಬ್ಬಿನಲ್ಲಿ ಸಿಗದ ಹೆಣ ಬಾವಿಯಲ್ಲಿದೆಯೇ?' ಜನ ಅದನ್ನು ಕಂಕುಳಲ್ಲಿ ಮಡಚಿಕೊಂಡೇ ಮಸಣಕ್ಕೆ ಬಂದರು. ಅದರ ಮುಂದಿನ ವಾರ, 'ನಮ್ಮ ವರದಿಯ ಫಲ: ಕಾಣೆಯಾದ ಮಹಿಳೆ ಪತ್ತೆ'. ಕ್ಷಮೆಯ ಒಂದು ಸಾಲಿಲ್ಲ. ಅಗೆದವರಲ್ಲಿ ಒಬ್ಬನೂ ಬಂದು ಆ ಹೊಲದ ಕುಣಿ ಮುಚ್ಚಲಿಲ್ಲ.

ದಿನಗಳಾದ ಮೇಲೆ ಕಾಕಾ ಒಮ್ಮೆ ಕೇಳಿದರು. "ಮಾಸ್ತರ, ಆಕೀನ ಹುಡಕಾಕ ಎಷ್ಟೊತ್ತು ಹಿಡೀತು?"

"ಇಡೀ ದಿನಾ ತಿರಗಿದೆ ಕಾಕಾ" ಎಂದೆ.

"ನಿಮಗ ಭಾಳ ತ್ರಾಸ ಆತು" ಎಂದರು. ಒಳಗೆ ಹೋದರು... ಆ ಮಾತನ್ನು ಅವರು ಮನಸಾರೆ ಹೇಳಿದ್ದರು. ನನಗೆ ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊರಬೇಕಾಗಿರಲಿಲ್ಲ.

ಮೊನ್ನೆ ಹುಕ್ಕೇರಿಯ ಸಂಬಂಧಿಕರ ಹುಡುಗನೊಬ್ಬ ಮನೆಗೆ ಬಂದಿದ್ದ. ಕಾಣೆಯಾದವರ ಕಥೆಗಳನ್ನು ಮೊಬೈಲಿನಲ್ಲಿ ಧ್ವನಿ ಕೊಟ್ಟು ಹೇಳುತ್ತಾನಂತೆ, ಪಾಡ್‌ಕಾಸ್ಟ್ ಅಂತೆ. ನಡುವೆ ಎದೆ ಝಲ್ಲೆನ್ನುವ ಸಂಗೀತ. ಕೇಳುವವರು ಸಾವಿರಗಟ್ಟಲೆ. "ಇದರಿಂದ ಪೊಲೀಸರಿಗೆ ಭಾಳ ಸಹಾಯ ಆಗತೈತ್ರಿ ಮಾಮಾ" ಎಂದ. ಮುಖದಲ್ಲಿ ಅದೇ ಗಾಂಭೀರ್ಯ. ಯಾರಿಂದಲೋ ಕೇಳಿದ್ದನಂತೆ, ಕಾಕೂನ ಕಥೆ ಹೇಳಿರೆಂದು ಗಂಟುಬಿದ್ದ. ಹೇಳಿದೆ. ಎಲ್ಲವನ್ನೂ, ಅರ್ಧ ಗಂಟೆಯ ವಿಷಯವನ್ನೂ.

ಅವನು ಕೊನೆತನಕ ಕಾದು ಕೇಳಿದ. "ಮತ್ತ ಕೊಂದವರು ಯಾರ್ರಿ?"

"ಯಾರೂ ಕೊಂದಿಲ್ಲಪಾ. ಕಾಲು ಜಾರಿತು."

"ಹಂಗಾದ್ರ ಇದರಾಗ ಕಥಿ ಏನೈತ್ರಿ ಮಾಮಾ?" ಎಂದು ಮೊಬೈಲನ್ನು ಜೇಬಿಗಿಳಿಸಿದ.

ಅವನಿಗೆ ಚಹಾ ಕೊಟ್ಟು ಕಳಿಸಿದೆ. ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ನನಗೆ ವರ್ಗವಾಗಿತ್ತು, ಸುದ್ದಿ ತಡವಾಗಿ ಬಂತು, ಅಂತ್ಯಸಂಸ್ಕಾರಕ್ಕೂ ಹೋಗಲಾಗಲಿಲ್ಲ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅವರಿಗೆ ಆ ಇಬ್ಬರ ಹೆಸರೂ ಗೊತ್ತಿಲ್ಲ.