ಎಂಟನೇ ಮಹಡಿಯ ಮೊಮ್ಮಗಳು

ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್. ಆದರೆ ಎರಡು ವರ್ಷ ಅವನು ಲಿಫ್ಟನ್ನೇ ಹತ್ತಿರಲಿಲ್ಲ. ನಗಬೇಡಿ, ಅವನನ್ನು ನೋಡಿ ನಗುವ ಹಕ್ಕು ಅಕ್ಕನಾದ ನನಗೊಬ್ಬಳಿಗೇ ಇರುವುದು.

ಒಂದು ಕಚೇರಿ ಕಟ್ಟಡದಲ್ಲಿ ರಿಪೇರಿಗೆಂದು ಲಿಫ್ಟಿನ ನೆತ್ತಿಯ ಮೇಲೆ ನಿಂತಿದ್ದಾಗ ಅದು ಎರಡು ಮಹಡಿ ಜಾರಿ ಗಕ್ಕನೆ ನಿಂತಿತ್ತು. ಕತ್ತಲಲ್ಲಿ ಬಿದ್ದಿದ್ದವನನ್ನು ಹೊರಗೆಳೆಯುವಷ್ಟರಲ್ಲಿ ಕೂಗಿ ಕೂಗಿ ಅವನ ದನಿ ಉಡುಗಿಹೋಗಿತ್ತು. ಬೆನ್ನುಮೂಳೆ ಕೂಡಿಕೊಂಡಿತು, ನೋವು ಮಾತ್ರ ಬಾಡಿಗೆ ಕೊಡದ ಬಿಡಾರದವನ ಹಾಗೆ ಉಳಿದುಬಿಟ್ಟಿತು. ಎಲ್ಲಾದರೂ ಬಾಗಿಲು ದಡಾರೆಂದರೆ ಸಾಕು, ಮೈಯೆಲ್ಲ ಬೆವರು. ಕಂಪನಿಯವರು ಅವನನ್ನು ಬಿಡಿಭಾಗಗಳ ಗೋದಾಮಿನಲ್ಲಿ ಕೂರಿಸಿದರು.

ಹೀಗಿರುವಾಗ ಅವನ ಮಗಳಿಗೆ ಹೆಣ್ಣು ಮಗುವಾಯಿತು. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಇವನು ಬೆನ್ನು ಹಿಡಿದುಕೊಂಡು ಹಾಸಿಗೆಯಲ್ಲಿದ್ದ. ಎದ್ದು ಓಡಾಡುವ ಹೊತ್ತಿಗೆ ತಾಯಿ ಮಗು ಎಂಟನೇ ಮಹಡಿಯ ಮನೆ ಸೇರಿದ್ದರು. ಮೆಟ್ಟಿಲಿಗೆ ಬೆನ್ನು ಒಪ್ಪದು, ಲಿಫ್ಟಿಗೆ ಮನಸ್ಸು ಒಪ್ಪದು. ಅತ್ತ ದರಿ, ಇತ್ತ ಪುಲಿ. ಮಗುವನ್ನೇ ಕೆಳಗೆ ತರುತ್ತೇನೆಂದು ಅಳಿಯ ಹೇಳಿದರೆ ಇವನು ಫೋನಿನಲ್ಲೇ ಅರಚಿದ.

"ಆ ಡಬ್ಬೀಲಿ ಮಗೂನ ಇಳಿಸ್ಬೇಡಿ! ಹೇಗೋ ಮೇಲೆ ಹೋಗಿದೆ, ಅಲ್ಲೇ ಇರ್ಲಿ."

ಅಂದರೆ ಇವನು ಹತ್ತಬೇಕು, ಇಲ್ಲವೇ ಮೊಮ್ಮಗಳನ್ನು ಫೋಟೋದಲ್ಲೇ ನೋಡಬೇಕು.

ಬೆನ್ನುನೋವಿಗೆಂದು ಅವನು ಹೋಗುತ್ತಿದ್ದ ಕ್ಲಿನಿಕ್ಕಿನ ಮೇಡಂ ಮನೆಯಲ್ಲೇ ಮಾಡಿಕೊಳ್ಳಲು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಮಲಗಿ, ಉಸಿರನ್ನು ನಿಧಾನವಾಗಿ ಬಿಡುತ್ತಾ, ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುವುದು. ಇವನು ಅದನ್ನೂ ಲಿಫ್ಟ್ ಮಾಡಿಕೊಂಡ. ಪಾದ ನೆಲಮಹಡಿ, ಮಂಡಿ ಒಂದನೆಯದು, ಸೊಂಟ ಎರಡನೆಯದು. ಅಲ್ಲಿಗೆ ಚೆನ್ನಾಗಿಯೇ ಇತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಸೊಂಟದ ಮಹಡಿಯಲ್ಲಿ ನೋವು ಕಂಡ ಕೂಡಲೇ ರಿಪೇರಿಗೆ ಇಳಿದುಬಿಡುತ್ತಿದ್ದ. ಹಲ್ಲು ಕಚ್ಚಿ, ಮೈ ಬಿಗಿಹಿಡಿದು ಹೆಣಗಾಡಿ, ಏಳುವಾಗ ಮೊದಲಿಗಿಂತ ಹೆಚ್ಚು ನರಳುತ್ತಿದ್ದ.

ನಾನೇ ಮೇಡಂಗೆ ಫೋನ್ ಮಾಡಿ ಚಾಡಿ ಹೇಳಿದೆ. ಆಕೆ ನಕ್ಕುಬಿಟ್ಟರು.

"ರಿಪೇರಿ ಮಾಡಿ ಅಂತ ಯಾರು ಹೇಳಿದ್ದು? ನೋವು ಇದೆ ಅಂತ ನೋಡ್ಲಿ, ಬಾಗ್ಲು ಹಾಕ್ಕೊಂಡು ಮುಂದಿನ ಮಹಡಿಗೆ ಹೋಗ್ಲಿ."

ತಮ್ಮನಿಗೆ ಹೇಳಿದರೆ ಉರಿದುಬಿದ್ದ. "ಕೆಟ್ಟಿರೋದನ್ನ ಹಂಗೇ ಬಿಟ್ಟು ಹೋಗೋದಾ? ಹಂಗೆ ಮಾಡಿದ್ರೆ ನನ್ನ ಕೆಲಸ ಉಳಿಯತ್ತಾ ಅಕ್ಕ?"

"ಹೋಗಿ ಎರಡು ವರ್ಷ ಆಯ್ತಲ್ಲೋ" ಅಂದೆ. ಎಲುಬಿಲ್ಲದ ನಾಲಿಗೆ, ಏನು ಮಾಡಲಿ?

ಮುಖ ಊದಿಸಿಕೊಂಡ, ಆದರೆ ಕಲಿತ. ನೋವು ಹೋಗಲಿಲ್ಲ, ನೋವಿನ ಜೊತೆ ಕುಸ್ತಿಯಾಡುವುದು ನಿಂತಿತು, ನಿದ್ದೆ ಬರತೊಡಗಿತು. ಆಮೇಲೆ ಮೇಡಂ ಹೇಳಿದಂತೆ ಮಗಳ ಕಟ್ಟಡಕ್ಕೆ ಹೋಗಿ ಲಿಫ್ಟಿನ ಎದುರು ಸುಮ್ಮನೆ ನಿಂತು ಬರುತ್ತಿದ್ದ. ಕಾವಲುಗಾರ ಇವನನ್ನು ಕಳ್ಳನೆಂದೇ ತಿಳಿದಿದ್ದ. ಮುಂದೆ ಬಾಗಿಲು ತೆರೆದಿಟ್ಟು ಒಳಗೆ ನಿಂತ, ಇನ್ನೊಂದು ದಿನ ಒಂದೇ ಮಹಡಿ ಏರಿ ಇಳಿದ.

ಒಂದು ಬೆಳಿಗ್ಗೆ ತಾನಾಗಿಯೇ "ನಡಿ ಅಕ್ಕ" ಅಂದ.

ಮಗಳ ಕಟ್ಟಡದ ಲಿಫ್ಟಿನ ಬಾಗಿಲು ಮುಚ್ಚಿತು. ಅವನು ಗೋಡೆಗೆ ಬೆನ್ನು ಕೊಟ್ಟು, ಪಾದ ಊರಿ, ಉಸಿರು ಬಿಟ್ಟ. ಧೈರ್ಯ ತುಂಬೋಣವೆಂದು ನಾನು ಒಂದೇ ಸಮನೆ ಮಾತಾಡುತ್ತಿದ್ದೆ.

"ಸ್ವಲ್ಪ ಬಾಯ್ಮುಚ್ಕೊಂಡಿರ್ತೀಯಾ?"

ಆರನೇ ಮಹಡಿ ದಾಟುವಾಗ ಲಿಫ್ಟ್ ಒಮ್ಮೆ ಜಗ್ಗಿತು. ಅವನ ಮುಖ ಬಿಳಿಚಿಕೊಂಡಿತು, ನನ್ನ ಮಣಿಕಟ್ಟನ್ನು ಮುರಿಯುವ ಹಾಗೆ ಹಿಡಿದುಕೊಂಡ. ನಿಲ್ಲಿಸುವ ಗುಂಡಿಯನ್ನು ಮಾತ್ರ ಒತ್ತಲಿಲ್ಲ.

"ಭಯ ಆಗ್ತಿದೆ" ಅಂದ. ಮತ್ತೆ ಉದ್ದಕ್ಕೆ ಉಸಿರು ಬಿಟ್ಟ. ಬಾಗಿಲು ತೆರೆಯಿತು.

ಮಗಳು ಹೊಸ್ತಿಲಲ್ಲೇ ನಿಂತಿದ್ದಳು. ಬೆವರಿನಲ್ಲಿ ತೊಯ್ದಿದ್ದ ಅಪ್ಪನನ್ನು ಕಂಡವಳೇ ಮಗುವನ್ನು ಅವನ ಕೈಗಿಟ್ಟಳು. ಆ ಪುಟ್ಟ ಗಟ್ಟಿಗಿತ್ತಿ ಕಿಟಾರನೆ ಕಿರುಚಿಕೊಂಡಳು. ಹಸಿವೇನೋ ಎಂದು ಮಗಳು ಕೈ ಚಾಚಿದಳು, ಬಟ್ಟೆ ಒದ್ದೆಯೇನೋ ಎಂದು ಅಳಿಯ ಓಡಿದ, ಗಿಲಕಿ ಎಲ್ಲಿ ಎಂದು ನಾನು ಹುಡುಕಿದೆ.

"ಇರ್ರಿ" ಅಂದ ತಮ್ಮ. ಮಗುವನ್ನು ಎದೆಗೊರಗಿಸಿಕೊಂಡ. "ಅಳು ಪುಟ್ಟಿ. ಎಷ್ಟು ಬೇಕೋ ಅಷ್ಟು ಅಳು. ನಾನಿಲ್ಲೇ ಇದೀನಿ."

ಅತ್ತದ್ದು ಮಗು ಒಂದೇ ಅಲ್ಲ. ನಾನೂ ಅತ್ತೆ.