ಸೆಕೆಯೂರಿನ ಉಣ್ಣೆ ಕೋಟು

ಜಮೈಕದ ಮಾಂಟೆಗೋ ಬೇಯ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತ ಉಣ್ಣೆಯ ಕೋಟು ಹೊಲಿಯುವ ದರ್ಜಿ ಎಂದರೆ ನಮ್ಮ ಎಗ್ಬರ್ಟ್ ಮಾಮ ಒಬ್ಬನೇ. ಮನೆಯ ಜಗಲಿಯಲ್ಲಿ ಕೂತು, ‘ನಿಮಗೆ ಲಾಟರಿ ಹೊಡೆದಿದೆ’ ಎಂದು ಫೋನಿನಲ್ಲೇ ಅಮೆರಿಕದ ಮುದುಕರನ್ನು ಸುಲಿದ ಹುಡುಗರನ್ನು ಆ ದೇಶಕ್ಕೆ ಒಪ್ಪಿಸುವ ಆದೇಶವಾದರೆ ಸಾಕು, ಅಲ್ಲಿನ ಚಳಿಗೆ ಕೋಟು ಹೊಲಿಸಲು ತಾಯಂದಿರು ಇವನಲ್ಲಿಗೆ ಬರುತ್ತಾರೆ. “ತಪ್ಪು ಇಲ್ಲಿ ಕೂತು ಮಾಡಿದ್ದು, ಇಲ್ಲೇ ಬಡೀರಿ. ಕಾಲೇ ಇಡದ ಊರಿನ ಜೈಲು ಯಾವ ಸೀಮೆ ನ್ಯಾಯ?” ಎಂದು ಮಾಮ ಗೊಣಗುತ್ತ ಕೋಟಿನೊಳಗೆ ಇನ್ನೊಂದು ಪದರ ಸೇರಿಸುತ್ತಾನೆ. ಜೈಲಿನವರು ಬಾಗಿಲಲ್ಲೇ ಅದನ್ನು ಕಿತ್ತುಕೊಳ್ಳುತ್ತಾರೆ ಎಂದು ನಾನಂದರೆ, “ಬಾಗಿಲವರೆಗಾದ್ರೂ ಬೆಚ್ಚಗಿರ್ಲಿ ಬಿಡಯ್ಯ” ಎನ್ನುತ್ತಾನೆ. ಅವನ ಸ್ವಂತ ಮಗನನ್ನು ಒಯ್ದ ವಾರ ಎರಡು ಕೋಟು ಹೊಲಿದಿದ್ದ; ಒಂದು ಹೆಂಗಸಿನದು. “ಇದ್ಯಾರಿಗೆ ಮಾಮ?” ಎಂದೆ. “ನನ್ಮಗ ಸುಲಿದ್ನಲ್ಲ, ಆ ಅಜ್ಜಿಗೆ. ಅವಳಿರೋದೂ ಅದೇ ಚಳೀಲಿ ತಾನೇ. ಅಳತೆ ಗೊತ್ತಿಲ್ಲ, ನಮ್ಮವ್ವನ ಅಳತೇಲೇ ಹೊಲ್ದಿದೀನಿ.”